ತನ್ನದೇ ಹೊಲಕ್ಕೆ ಗೇಣಿ

ಸುಮಾರು ಒಂದು ವರ್ಷದಿಂದ ಎರಡು ಪದಗಳು ನನ್ನ ತಲೆಯಿಂದ ಹೋಗುತ್ತಿಲ್ಲ. ಎರಡೂ ಲ್ಯಾಟಿನ್ ಪದಗಳು. 'ಗ್ರಾವಿಟೆರ್' ಮತ್ತು 'ಮಿಸೆರಾಬಿಲಿಟೆರ್'. ಕನ್ನಡದಲ್ಲಿ ಹೇಳುವುದಾದರೆ 'ಭಾರವಾಗಿ, ಸಂಕಟದಿಂದ'. 1086ರಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಎಂಬ ಜಿಲ್ಲೆಯ ಮಾರ್ಷ್ ಗಿಬ್ಬನ್ ಎಂಬ ಊರಿನ ಲೆಕ್ಕದಲ್ಲಿ ಇವು ಸಿಗುತ್ತವೆ. ಅಲ್ಲಿ ಬರೆದಿರುವುದು ಇಷ್ಟೇ: ಎಡ್ವರ್ಡ್ ರಾಜನ ಕಾಲದಲ್ಲಿ ಈ ಜಮೀನು ಐಲ್ರಿಕ್‌ನ ಕೈಯಲ್ಲಿತ್ತು. ಈಗ ಇದೇ ಜಮೀನನ್ನು ಅವನು ವಿಲಿಯಂನಿಂದ ಗೇಣಿಗೆ ಹಿಡಿದಿದ್ದಾನೆ, ಭಾರವಾಗಿ, ಸಂಕಟದಿಂದ. ಈ ವಿಲಿಯಂ ರಾಜನಲ್ಲ. ಅನ್ಸ್‌ಕುಲ್ಫ್ ಎಂಬವನ ಮಗ, ಗೆದ್ದವರ ಜೊತೆ ಸಮುದ್ರ ದಾಟಿ ಬಂದವರ ಕಡೆಯವನು. ಅವನ ಕೋಟೆ ಇದ್ದದ್ದು ದೂರದ ಡಡ್ಲಿಯಲ್ಲಿ.

ಈ ಸಾಲು ಇರುವುದು ಡೂಮ್ಸ್‌ಡೇ ಪುಸ್ತಕದಲ್ಲಿ. ಇಂಗ್ಲೆಂಡನ್ನು ಗೆದ್ದ ರಾಜ ವಿಲಿಯಂ ಮಾಡಿಸಿದ ಜಮೀನಿನ ದಾಖಲೆ ಅದು, ಇಡೀ ಲೆಕ್ಕವೇ. ಎಷ್ಟು ನೇಗಿಲು, ಎಷ್ಟು ಎತ್ತು, ಎಷ್ಟು ಹುಲ್ಲುಗಾವಲು, ಗಿರಣಿ ಇದೆಯಾ, ಕಾಡಿನಲ್ಲಿ ಎಷ್ಟು ಹಂದಿ ಮೇಯಬಹುದು, ಆಗ ಎಷ್ಟು ಬೆಲೆ, ಈಗ ಎಷ್ಟು ಬೆಲೆ. 13,000ಕ್ಕೂ ಹೆಚ್ಚು ಊರುಗಳು ಅದರಲ್ಲಿವೆ. ಅದರ ಪುಟಗಳು ಈಗ ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ರಾತ್ರಿ ಊಟ ಆದಮೇಲೆ ಸುಮ್ನೆ ಒಂದೊಂದೇ ಊರು ತೆರೆದು ನೋಡುವುದು ನನಗೆ ಅಭ್ಯಾಸವಾಗಿದೆ. ನೇಗಿಲು, ಎತ್ತು, ಹಂದಿ ಅಂತ ಓದುತ್ತಾ ಹೋಗುತ್ತಿದ್ದವನಿಗೆ ನಡುವೆ ಈ ಎರಡು ಪದ ಸಿಕ್ಕಿದವು. ಲೆಕ್ಕದ ಪುಸ್ತಕದೊಳಗೆ ಒಬ್ಬ ಮನುಷ್ಯ ನಿಟ್ಟುಸಿರು ಬಿಟ್ಟಂತೆ ಆಯಿತು.

ನನಗೆ ಇದು ಇಷ್ಟು ತಾಗಲು ಕಾರಣ ನನ್ನ ಅಜ್ಜಿ. ನಮ್ಮದು ಕರಾವಳಿಯ ಊರು. ಅಜ್ಜಿ ಮದುವೆಯಾಗಿ ಬಂದ ಮನೆ ಚಾಲಗೇಣಿಯ ಮನೆ. ಅಂದರೆ ಧಣಿಗಳು ಬೇಡ ಅಂದ ದಿನ ಎದ್ದು ಹೋಗಬೇಕು. ಕೊಯ್ಲು ಮುಗಿದಮೇಲೆ ಹುಲ್ಲಿನ ಹಗ್ಗ ಬಿಗಿದು ಕಟ್ಟಿದ ಅಕ್ಕಿ ಮುಡಿಗಳು ಧಣಿಗಳ ಮನೆಗೆ ಹೋಗುತ್ತಿದ್ದವು. ಒಳ್ಳೆಯ ಅಕ್ಕಿ ಅಲ್ಲಿಗೆ, ನುಚ್ಚು ನಮಗೆ ಎಂದು ಅಜ್ಜಿ ಈಗಲೂ ಹೇಳುತ್ತಾರೆ. 1974ರ ಭೂಸುಧಾರಣಾ ಕಾನೂನು ಬಂದಮೇಲೆ ಅಜ್ಜ ಡಿಕ್ಲರೇಶನ್ ಕೊಟ್ಟು ಜಾಗ ತನ್ನ ಹೆಸರಿಗೆ ಮಾಡಿಸಿಕೊಂಡರು. 'ಗೇಣಿ' ಎಂಬ ಪದವನ್ನು ಅಜ್ಜಿ ಹೇಳುವಾಗ ಅವರ ದನಿ ಸ್ವಲ್ಪ ಕೆಳಗಿಳಿಯುತ್ತದೆ. ಐಲ್ರಿಕ್‌ನ ಸಾಲು ಓದಿದಾಗ ನನಗೆ ಕೇಳಿದ್ದು ಅದೇ ದನಿ. ನಮ್ಮ ಮನೆಯಲ್ಲಿ ಗೇಣಿಯವನು ಒಡೆಯನಾದ. ಅಲ್ಲಿ ಒಡೆಯ ಗೇಣಿಯವನಾದ.

ಹೇಸ್ಟಿಂಗ್ಸ್ ಯುದ್ಧ ನಡೆದದ್ದು 1066ರ ಅಕ್ಟೋಬರ್ 14ರಂದು, ಒಂದೇ ದಿನ. ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ, ಎಡ್ವರ್ಡ್ ನಂತರ ಇಂಗ್ಲೆಂಡಿನ ರಾಜನಾಗಿದ್ದ ಹೆರಾಲ್ಡ್‌ನನ್ನು ಸೋಲಿಸಿದ ಯುದ್ಧ. ಅದು ಶಾಲೆಯ ಪಾಠದಲ್ಲೇ ಇದೆ. ನನ್ನನ್ನು ಕಾಡುವುದು ಅದರ ಮರುದಿನ. ಬಂದು ನೆಲೆಸಿದ ನಾರ್ಮನ್ನರು ಎಂಟು ಸಾವಿರದ ಆಸುಪಾಸು ಎಂದು ಇತಿಹಾಸಕಾರರ ಅಂದಾಜು. ಇಂಗ್ಲೆಂಡಿನಲ್ಲಿ ಆಗ ಹದಿನೈದರಿಂದ ಇಪ್ಪತ್ತು ಲಕ್ಷ ಜನ. ಭಾಷೆ ಬೇರೆ, ಕಾನೂನು ಬೇರೆ. ಇಷ್ಟು ಚಿಕ್ಕ ಗುಂಪು ಇಷ್ಟು ದೊಡ್ಡ ದೇಶವನ್ನು ಹಿಡಿದಿಟ್ಟುಕೊಂಡದ್ದು ಹೇಗೆ? ಬರೀ ಕತ್ತಿಯಿಂದ ಆಗುವ ಕೆಲಸವಲ್ಲ ಇದು. ಐಲ್ರಿಕ್‌ನ ಹೊಲದಲ್ಲಿ ಪ್ರತಿದಿನ ಕತ್ತಿ ಹಿಡಿದು ಯಾರೂ ನಿಂತಿರಲಿಲ್ಲ, ಅಲ್ವಾ?

ಯಾರ್ಕಿನ ದಿಬ್ಬ

ನಾನಿರುವುದು ಇಂಗ್ಲೆಂಡಿನ ಯಾರ್ಕ್‌ಶೈರ್ ಜಿಲ್ಲೆಯ ಲೀಡ್ಸ್‌ನಲ್ಲಿ. ಅಲ್ಲಿಂದ ಯಾರ್ಕ್ ಹತ್ತಿರ. ಹೋದ ವರ್ಷ ವಸಂತದಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಊರ ನಡುವೆ ಹಸಿರು ದಿಬ್ಬವೊಂದಿದೆ. ಮೇಲೆ ಕಲ್ಲಿನ ಗೋಪುರ, ಕ್ಲಿಫರ್ಡ್ಸ್ ಟವರ್ ಅಂತ ಹೆಸರು. ದಿಬ್ಬದ ತುಂಬ ಹಳದಿ ಡ್ಯಾಫೊಡಿಲ್ ಹೂವು ಅರಳಿತ್ತು. ಮಗಳು ಕೇಳಿದಳು, "ಅಪ್ಪಾ, ಊರ ಮಧ್ಯೆ ಗುಡ್ಡ ಹೇಗೆ ಬಂತು?" ಇದು ಗುಡ್ಡ ಅಲ್ಲ ಪುಟ್ಟಾ, ಜನ ಮಣ್ಣು ಹೊತ್ತು ಹಾಕಿ ಮಾಡಿದ್ದು ಎಂದೆ. "ಯಾರು ಹೊತ್ತರು?" ಎಂದಳು. ಅದೇ ಸರಿಯಾದ ಪ್ರಶ್ನೆ.

ಹೊತ್ತವರು ಅಲ್ಲಿನ ಇಂಗ್ಲಿಷ್ ಜನ. ಮೇಲಿನ ಕಲ್ಲಿನ ಗೋಪುರ 13ನೇ ಶತಮಾನದ್ದು. ಆದರೆ ಕೆಳಗಿನ ದಿಬ್ಬ ರಾಜ ವಿಲಿಯಂನ ಕಾಲದ್ದು. ಸುತ್ತಲೂ ಆಳವಾದ ಕಂದಕ ತೋಡುವುದು, ಆ ಮಣ್ಣನ್ನೇ ನಡುವೆ ಪೇರಿಸುವುದು, ಮೇಲೆ ಮರದ ಗೋಪುರ ನಿಲ್ಲಿಸುವುದು, ಪಕ್ಕದಲ್ಲಿ ಕುದುರೆ ಮತ್ತು ಸೈನಿಕರಿಗೆ ಬೇಲಿ ಹಾಕಿದ ಅಂಗಳ. ಇಷ್ಟಾದರೆ ಕೋಟೆ ಆಯಿತು. ಕಲ್ಲು ಕಡಿಯುವವರು ಬೇಡ, ವರ್ಷಗಟ್ಟಲೆ ಕಾಯುವುದು ಬೇಡ. 1069ರಲ್ಲಿ ವಿಲಿಯಂ ಯಾರ್ಕಿನಲ್ಲಿ ಎಂಟೇ ದಿನ ಇದ್ದು ಎರಡನೇ ಕೋಟೆ ಕಟ್ಟಿಸಿದ. ಫ್ರಾನ್ಸಿನ ಬಾಯೂ ಎಂಬ ಊರಿಗೆ ಸೇರಿದ ಸುಮಾರು 70 ಮೀಟರ್ ಉದ್ದದ ಕಸೂತಿ ಬಟ್ಟೆಯಲ್ಲಿ ಹೇಸ್ಟಿಂಗ್ಸ್‌ನ ದಿಬ್ಬ ಕಟ್ಟುವ ಚಿತ್ರವಿದೆ. ಸಲಿಕೆ ಹಿಡಿದ ಆಳುಗಳು ಮಣ್ಣು ಎತ್ತುತ್ತಿದ್ದಾರೆ. ಅವರಲ್ಲಿ ಇಬ್ಬರು ಸಲಿಕೆಯಿಂದ ಒಬ್ಬರಿಗೊಬ್ಬರು ಹೊಡೆದುಕೊಳ್ಳುತ್ತಿದ್ದಾರೆ. ಆ ಬಟ್ಟೆಯಲ್ಲಿ ರಾಜರಿದ್ದಾರೆ, ಬಿಷಪ್ಪರಿದ್ದಾರೆ, ಹಡಗು ಕುದುರೆ ಎಲ್ಲ ಇವೆ. ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ಆ ಇಬ್ಬರ ಮೇಲೇ ಹೋಗುತ್ತದೆ.

ಈ ಕೋಟೆಗಳನ್ನು ಕಟ್ಟಿದ ಜಾಗವನ್ನು ಗಮನಿಸಬೇಕು. ಗಡಿಯಲ್ಲಲ್ಲ, ಊರ ಒಳಗೆ. ಹೊರಗಿನಿಂದ ಬರುವ ಶತ್ರುವನ್ನು ತಡೆಯುವುದಕ್ಕಿಂತ ಒಳಗಿರುವ ಜನರನ್ನು ಹೆದರಿಸಿಡುವುದು ಅವುಗಳ ಕೆಲಸ. ಲಿಂಕನ್ ಊರಿನಲ್ಲಿ ಕೋಟೆಗಾಗಿ 166 ಮನೆಗಳು ಹೋದವು ಎಂದು ಡೂಮ್ಸ್‌ಡೇ ಹೇಳುತ್ತದೆ. ಯಾರ್ಕಿನ ಏಳು ಕೇರಿಗಳಲ್ಲಿ ಒಂದು ಪೂರ್ತಿ ಕೋಟೆಗಳ ಅಡಿಗೆ ಹೋಯಿತು. ನಾವು ಹತ್ತಿದ ಮೆಟ್ಟಿಲುಗಳ ಕೆಳಗೆ ಯಾರದೋ ಒಲೆ, ಯಾರದೋ ಹಿತ್ತಿಲು ಇತ್ತು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಮೊದಲು ಕಾಣುವುದು ತಮ್ಮ ಕೈಯಿಂದಲೇ ಪೇರಿಸಿದ ಆ ದಿಬ್ಬ, ಅದರ ಮೇಲೆ ನಿಂತು ನೋಡುತ್ತಿರುವ ಪರದೇಶದ ಕಾವಲುಗಾರ. ಲಂಡನ್ನಿನ ಬಿಳಿ ಗೋಪುರಕ್ಕೆ ಕಲ್ಲನ್ನು ಸಮುದ್ರದಾಚೆಯ ಕ್ಯಾನ್ ಊರಿನಿಂದ ತರಿಸಿದ್ದರು. ಅದನ್ನು ನೋಡಲು ದಿನವೂ ಜನ ಸಾಲು ನಿಲ್ಲುತ್ತಾರೆ. ಆದರೆ ನನಗೆ ಯಾರ್ಕಿನ ಮಣ್ಣಿನ ದಿಬ್ಬವೇ ಜಾಸ್ತಿ ಹೇಳುತ್ತದೆ.

ಉತ್ತರದ ಚಳಿಗಾಲ

ಮಣ್ಣಿನ ದಿಬ್ಬಕ್ಕೆ ಎಲ್ಲರೂ ಹೆದರಲಿಲ್ಲ. 1068ರಲ್ಲಿ ಎಕ್ಸೆಟರ್ ಊರು ಬಾಗಿಲು ಹಾಕಿಕೊಂಡು 18 ದಿನ ತಡೆದು ನಿಂತಿತು. 1069ರ ಜನವರಿಯಲ್ಲಿ ಡರ್‌ಹ್ಯಾಮ್‌ನಲ್ಲಿ ವಿಲಿಯಂ ಕಳಿಸಿದ ಅಧಿಕಾರಿಯನ್ನೂ ಅವನ ಪಡೆಯನ್ನೂ ಜನ ಕೊಂದರು. ಅದೇ ವರ್ಷ ಡೆನ್ಮಾರ್ಕಿನ ಹಡಗುಗಳು ಬಂದವು, ಅವುಗಳಲ್ಲಿ ಬಂದವರು ದಂಗೆಯೆದ್ದವರೊಂದಿಗೆ ಸೇರಿ ಯಾರ್ಕಿನ ಕೋಟೆಗಳನ್ನು ಹಿಡಿದರು. ಆಗ ವಿಲಿಯಂ ಮಾಡಿದ್ದನ್ನು ಬರೆಯುವಾಗ ಇವತ್ತಿಗೂ ಕೈ ನಿಧಾನವಾಗುತ್ತದೆ. 1069-70ರ ಚಳಿಗಾಲದಲ್ಲಿ ಅವನ ಸೈನ್ಯ ಉತ್ತರದ ಹಳ್ಳಿ ಹಳ್ಳಿಗೆ ಹೋಯಿತು. ಸಿಕ್ಕವರನ್ನು ಕೊಂದಿತು. ದನಕರು, ಕಣಜದ ಧಾನ್ಯ, ನೇಗಿಲು ಎಲ್ಲವನ್ನೂ ಸುಟ್ಟಿತು. ನೇಗಿಲನ್ನು ಯಾಕೆ ಸುಡಬೇಕು? ಬರುವ ವರ್ಷವೂ ಊಟ ಇರಬಾರದು ಎಂದು. ಹಸಿವಿನಿಂದ ಸತ್ತವರು ಒಂದು ಲಕ್ಷಕ್ಕೂ ಜಾಸ್ತಿ ಎಂದು ಓರ್ಡೆರಿಕ್ ಎಂಬ ಸನ್ಯಾಸಿ ಬರೆದ. ಸಂಖ್ಯೆ ಅವನದು, ಅದನ್ನು ಎಣಿಸಿದವರು ಯಾರೂ ಇಲ್ಲ. ಆದರೆ ಹದಿನಾರು ವರ್ಷದ ನಂತರವೂ ಡೂಮ್ಸ್‌ಡೇಯಲ್ಲಿ ಯಾರ್ಕ್‌ಶೈರಿನ ಊರು ಊರಿನ ಮುಂದೆ ಒಂದೇ ಮಾತು ಬರುತ್ತದೆ: 'ಪಾಳು'. ಊರ ಹೆಸರು, ಪಾಳು. ಮತ್ತೊಂದು ಊರು, ಪಾಳು. ಒಂದು ರಾತ್ರಿ ಆ ಪುಟಗಳನ್ನು ನೋಡುತ್ತಾ ಕೂತಿದ್ದೆ. ಅದರಲ್ಲಿ ಎಷ್ಟೋ ಹೆಸರುಗಳು ನಾನು ದಿನಾ ಬಸ್ಸಿನ ಬೋರ್ಡಿನ ಮೇಲೆ, ರಸ್ತೆಯ ಫಲಕದ ಮೇಲೆ ಓದುವ ಹೆಸರುಗಳೇ.

ಈ ಓರ್ಡೆರಿಕ್ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನು ಹುಟ್ಟಿದ್ದು 1075ರಲ್ಲಿ, ಶ್ರೂಸ್‌ಬರಿಯ ಹತ್ತಿರ. ತಂದೆ ಫ್ರಾನ್ಸಿನವನು, ತಾಯಿ ಇಂಗ್ಲಿಷಿನವಳು. ಹತ್ತು ವರ್ಷದವನಿದ್ದಾಗ ತಂದೆ ಅವನನ್ನು ನಾರ್ಮಂಡಿಯ ಮಠಕ್ಕೆ ಕಳಿಸಿದ. ಅಲ್ಲಿನವರ ಮಾತು ಹುಡುಗನಿಗೆ ಅರ್ಥವಾಗಲಿಲ್ಲ. ಅವನ ಇಂಗ್ಲಿಷ್ ಹೆಸರು ಅವರ ನಾಲಿಗೆಗೆ ಒಗ್ಗಲಿಲ್ಲ, ವಿಟಾಲಿಸ್ ಎಂದು ಹೊಸ ಹೆಸರಿಟ್ಟರು. ಆಮೇಲೆ ಜೀವನವಿಡೀ ಅವನು ಆ ಮಠದಲ್ಲೇ ಕಳೆದ. ನಾರ್ಮನ್ನರ ಇತಿಹಾಸ ಬರೆದ, ವಿಲಿಯಂನನ್ನು ಎಷ್ಟೋ ಕಡೆ ಹೊಗಳಿದ. ಆದರೆ ಉತ್ತರದ ಆ ಚಳಿಗಾಲಕ್ಕೆ ಬಂದಾಗ, ಇದನ್ನು ಮಾತ್ರ ಹೊಗಳಲಾರೆ, ತಪ್ಪಿಲ್ಲದವರನ್ನೂ ತಪ್ಪು ಮಾಡಿದವರನ್ನೂ ಒಟ್ಟಿಗೇ ಹಸಿವಿಗೆ ತಳ್ಳಿದ ಎಂದು ಬರೆದ. ಗೆದ್ದವರ ಮಠದಲ್ಲಿ ಕೂತು ಹೀಗೆ ಬರೆಯಲು ಧೈರ್ಯ ಬೇಕು. ಅದು ತಾಯಿಯ ಕಡೆಯಿಂದ ಬಂದದ್ದು ಎಂದು ನಂಬಲು ನನಗೆ ಇಷ್ಟ.

ಹಳೇ ಮನೆ, ಹೊಸ ಯಜಮಾನ

ಇಷ್ಟೆಲ್ಲ ಆದರೂ ಭಯ ಒಂದರಿಂದಲೇ ರಾಜ್ಯ ನಡೆಯುವುದಿಲ್ಲ. ವಿಲಿಯಂ ಮಾಡಿದ ಜಾಣ ಕೆಲಸ ಬೇರೆಯೇ ಇದೆ. ಅವನು ಇಂಗ್ಲೆಂಡಿನ ಆಡಳಿತವನ್ನು ಒಡೆಯಲಿಲ್ಲ. ಜಿಲ್ಲೆಯಂಥ ಶೈರ್, ನಮ್ಮ ಹೋಬಳಿಯಂಥ ಹಂಡ್ರೆಡ್, ಅವುಗಳ ಪಂಚಾಯಿತಿ, ಭೂಮಿಯ ಕಂದಾಯ, ಬೆಳ್ಳಿ ನಾಣ್ಯ, ರಾಜನ ಮುದ್ರೆ ಹಾಕಿದ ಆಜ್ಞಾಪತ್ರ, ಎಲ್ಲ ಮೊದಲೇ ಇತ್ತು. ಆ ಕಾಲದ ನಾರ್ಮಂಡಿಯಲ್ಲಿ ಇಷ್ಟು ಚೊಕ್ಕವಾದ ವ್ಯವಸ್ಥೆ ಇರಲಿಲ್ಲ. ಅವನು ಅದನ್ನು ಹಾಗೇ ಇಟ್ಟುಕೊಂಡು ಅದರ ಮೇಲೆ ಕೂತವರನ್ನು ಬದಲಿಸಿದ. ಇಂಗ್ಲಿಷಿನವರು ತಮ್ಮನ್ನು ಆಳಿಕೊಳ್ಳಲು ಮಾಡಿಕೊಂಡಿದ್ದ ಸಲಕರಣೆಯೇ ಅವರನ್ನು ಹಿಡಿದಿಟ್ಟಿತು.

ಜಮೀನಿನ ವಿಷಯದಲ್ಲಂತೂ ಪ್ರತಿ ಹೆಜ್ಜೆಗೂ ಕಾನೂನಿನ ಹೊದಿಕೆ ಇತ್ತು. ವಿಲಿಯಂ ತಾನು ಗೆದ್ದವನು ಎಂದು ಹೇಳಿಕೊಳ್ಳಲಿಲ್ಲ. ಎಡ್ವರ್ಡ್ ರಾಜನ ನಿಜವಾದ ವಾರಸುದಾರ ನಾನೇ ಎಂದ. ಹಾಗಾದರೆ ಹೆರಾಲ್ಡ್ ರಾಜನೇ ಅಲ್ಲ. ಅವನ ಪರವಾಗಿ ಹೋರಾಡಿದವರೆಲ್ಲ ರಾಜದ್ರೋಹಿಗಳು. ದ್ರೋಹಿಯ ಜಮೀನು ರಾಜನಿಗೆ ಸೇರುತ್ತದೆ. ಒಂದು ಮಾತಿನಿಂದ ಇಷ್ಟೂ ಆಯಿತು. ಉಳಿದವರು ದುಡ್ಡು ಕೊಟ್ಟು ತಮ್ಮದೇ ಜಮೀನನ್ನು ರಾಜನಿಂದ ಬಿಡಿಸಿಕೊಂಡರು. ದಂಗೆ ಎದ್ದ ಹಾಗೆಲ್ಲ ಇನ್ನಷ್ಟು ಜಮೀನು ಹೋಯಿತು. ಡೂಮ್ಸ್‌ಡೇಯಲ್ಲಿ ಹೆರಾಲ್ಡ್‌ನನ್ನು ಬರೀ 'ಅರ್ಲ್', ಅಂದರೆ ರಾಜನ ಕೆಳಗಿನ ಒಬ್ಬ ಸರದಾರ, ಎಂದು ಬರೆದಿದ್ದಾರೆ. ಪ್ರತಿ ಊರಿಗೂ ಕೇಳಿದ ಪ್ರಶ್ನೆ, ಎಡ್ವರ್ಡ್ ರಾಜನ ಕಾಲದಲ್ಲಿ ಇದು ಯಾರದು, ಈಗ ಯಾರದು. ನಡುವೆ ಹೆರಾಲ್ಡ್ ಆಳಿದ ಒಂಬತ್ತು ತಿಂಗಳು ನಡೆದೇ ಇಲ್ಲ ಎಂಬಂತೆ. ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಣ ಇಲ್ಲದಂತೆ ಮಾಡಿದರೆ ಸಾಕು, ಒಬ್ಬ ರಾಜನೇ ಇಲ್ಲವಾಗುತ್ತಾನೆ.

1067ರ ಒಂದು ಪತ್ರವಿದೆ. ಲಂಡನ್ನಿನ ಜನರಿಗೆ ವಿಲಿಯಂ ಕೊಟ್ಟದ್ದು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಚರ್ಮದ ಪಟ್ಟಿ, ಬರೆದಿರುವುದು ಇಂಗ್ಲಿಷಿನಲ್ಲಿ. ಫ್ರೆಂಚಿನವರಿಗೂ ಇಂಗ್ಲಿಷಿನವರಿಗೂ ಸ್ನೇಹದಿಂದ ನಮಸ್ಕಾರ ಹೇಳಿ, ಪ್ರತಿ ಮಗುವೂ ತಂದೆಯ ಕಾಲದ ನಂತರ ತಂದೆಯ ವಾರಸುದಾರನಾಗಬೇಕು ಎಂಬುದು ನನ್ನ ಇಚ್ಛೆ ಎನ್ನುತ್ತಾನೆ. ಓದಿದರೆ ಒಳ್ಳೆಯ ರಾಜನ ಮಾತು. ಆದರೆ ಇಪ್ಪತ್ತು ವರ್ಷದೊಳಗೆ ದೇಶದ ಜಮೀನಿನಲ್ಲಿ ಇಂಗ್ಲಿಷಿನವರ ಕೈಯಲ್ಲಿ ಉಳಿದದ್ದು ನೂರಕ್ಕೆ ಸುಮಾರು ಐದು. ರಾಜನಿಂದ ನೇರವಾಗಿ ದೊಡ್ಡ ಜಮೀನು ಪಡೆದಿದ್ದ ಇಂಗ್ಲಿಷಿನವರು ಇಬ್ಬರೇ, ಆರ್ಡೆನ್‌ನ ಥಾರ್ಕೆಲ್ ಮತ್ತು ಲಿಂಕನ್‌ನ ಕೋಲ್‌ಸ್ವೇನ್. ವಿಧವೆಯರು, ಗಂಡು ದಿಕ್ಕಿಲ್ಲದ ಹೆಣ್ಣುಮಕ್ಕಳು ಫ್ರೆಂಚಿನವರ ಭಯಕ್ಕೆ ಕ್ರೈಸ್ತ ಸನ್ಯಾಸಿನಿಯರ ಮಠ ಸೇರಿಕೊಂಡರು. ದೇವರ ಮೇಲಿನ ಪ್ರೀತಿಯಿಂದಲ್ಲ, ಭಯದಿಂದ ಬಂದವರು ಬೇಕಾದರೆ ಹೊರಗೆ ಹೋಗಬಹುದು ಎಂದು ಕ್ಯಾಂಟರ್‌ಬರಿಯ ಹೊಸ ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್ ಪತ್ರ ಬರೆಯಬೇಕಾಯಿತು.

ಚರ್ಚಿನಲ್ಲೂ ಅದೇ ಕತೆ, ಅದನ್ನು ಉದ್ದ ಮಾಡುವುದಿಲ್ಲ. 1087ಕ್ಕೆ ವಿಲಿಯಂ ಸಾಯುವ ಹೊತ್ತಿಗೆ ಇಂಗ್ಲಿಷಿನವನಾದ ಬಿಷಪ್ ಒಬ್ಬನೇ ಉಳಿದಿದ್ದ, ವೂಸ್ಟರ್‌ನ ವುಲ್ಫ್‌ಸ್ಟನ್. ಅವನೂ ಹೊಸ ಕಾಲಕ್ಕೆ ತಕ್ಕಂತೆ ದೊಡ್ಡ ಚರ್ಚ್ ಕಟ್ಟಿಸಿದ. ಹಳೆಯ ಚರ್ಚಿನ ಮಾಡು ಕೆಡವುವ ದಿನ ಸ್ಮಶಾನದಲ್ಲಿ ನಿಂತು ಅತ್ತನಂತೆ. ಹಿರಿಯರು ಕಟ್ಟಿದ್ದನ್ನು ನಮ್ಮ ಹೆಸರಿಗಾಗಿ ಕೆಡವುತ್ತಿದ್ದೇವೆ ಎಂದನಂತೆ. ಕೆಡವಿಸಿದವನೂ ಅವನೇ, ಅತ್ತವನೂ ಅವನೇ. ಉಳಿದುಕೊಂಡವರ ಕಷ್ಟ ಅದು.

ಸತ್ತವನು ಯಾರು?

ನಾರ್ಮನ್ ಆಳ್ವಿಕೆಯಲ್ಲಿ ನನಗೆ ತೀರಾ ಹತ್ತಿರದಿಂದ ಕಾಣುವ ಕಾನೂನು ಒಂದಿದೆ, ಮರ್ಡ್ರಮ್ ದಂಡ. ನಾವು ಪೇಪರಿನಲ್ಲಿ ದಿನಾ ಓದುವ 'ಮರ್ಡರ್' ಪದಕ್ಕೂ ಇದಕ್ಕೂ ಒಂದೇ ಬೇರು. ಊರ ಹೊರಗೆ ನಾರ್ಮನ್ ಒಬ್ಬನ ಹೆಣ ಸಿಕ್ಕಿತು ಅನ್ನಿ. ಗೊತ್ತುಪಡಿಸಿದ ದಿನಗಳೊಳಗೆ ಕೊಂದವನನ್ನು ಹಿಡಿದುಕೊಡಬೇಕು. ಇಲ್ಲದಿದ್ದರೆ ದಂಡ 46 ಮಾರ್ಕ್, ಅಂದರೆ 7,360 ಬೆಳ್ಳಿ ಪೆನ್ನಿ. ಮೊದಲು ಕೊಂದವನ ಒಡೆಯ, ಅವನಿಂದ ಆಗದಿದ್ದರೆ ಇಡೀ ಹಂಡ್ರೆಡ್ ಕಟ್ಟಬೇಕು. ಇಂಥ ಕಾನೂನು ಬೇಕಾಯಿತು ಎಂದರೆ ಕಾಡಿನ ದಾರಿಯಲ್ಲಿ, ಕತ್ತಲೆಯಲ್ಲಿ ಏನು ನಡೆಯುತ್ತಿತ್ತು ಎಂದು ಊಹಿಸಬಹುದು.

ಇದರಲ್ಲಿ ಇನ್ನೊಂದು ನಿಯಮ ಸೇರಿಕೊಂಡಿತು. ಸಿಕ್ಕಿದ ಹೆಣ ಇಂಗ್ಲಿಷಿನವನದು ಎಂದು ತೋರಿಸುವವರೆಗೆ ಅದನ್ನು ನಾರ್ಮನ್ನನದೇ ಎಂದು ತಿಳಿಯಬೇಕು. ಹಾಗಾಗಿ ಸತ್ತವನ ನೆಂಟರು ಬಂದು, ಇವನು ನಮ್ಮವನು, ಇಂಗ್ಲಿಷಿನವನು ಎಂದು ಸಾಕ್ಷಿ ಹೇಳಬೇಕು. ಹೇಳಿದರೆ ದಂಡ ಇಲ್ಲ. ಯೋಚಿಸಿ ನೋಡಿ. ಮಗ ಸತ್ತು ಬಿದ್ದಿದ್ದಾನೆ. ತಂದೆ ಅಧಿಕಾರಿಗಳ ಮುಂದೆ ನಿಂತು ಇವನು ನನ್ನ ಮಗ ಎನ್ನಬೇಕು. ಹಾಗೆ ಹೇಳಿದ ಕೂಡಲೇ ಊರಿನವರೆಲ್ಲ ಸಮಾಧಾನದ ಉಸಿರು ಬಿಡುತ್ತಾರೆ, ಯಾಕೆಂದರೆ ಆ ಸಾವಿಗೆ ಯಾರೂ ಏನೂ ಕಟ್ಟಬೇಕಾಗಿಲ್ಲ. ಕೋಟೆಗಿಂತ, ಸುಟ್ಟ ಹಳ್ಳಿಗಿಂತ ಇದು ನನ್ನನ್ನು ಜಾಸ್ತಿ ಅಲುಗಾಡಿಸುತ್ತದೆ. 1170ರ ದಶಕದ ಕೊನೆಗೆ ರಾಜನ ಖಜಾನೆಯ ಅಧಿಕಾರಿಯೊಬ್ಬ, ಎರಡೂ ಕಡೆಯವರು ಮದುವೆಯಾಗಿ ಬೆರೆತಿದ್ದಾರೆ, ಈಗ ಯಾರು ಇಂಗ್ಲಿಷಿನವನು ಯಾರು ನಾರ್ಮನ್ನನು ಎಂದು ಹೇಳುವುದೇ ಕಷ್ಟ ಎಂದು ಬರೆದ. ಆದರೂ ಕಾನೂನು ರದ್ದಾದದ್ದು 1340ರಲ್ಲಿ. ದಂಡದಿಂದ ದುಡ್ಡು ಬರುತ್ತಿತ್ತಲ್ಲ.

ವಾರಂಟಿ ಇದೆ, ಗ್ಯಾರಂಟಿ ಇಲ್ಲ

ಮೊದಮೊದಲು ವಿಲಿಯಂನ ಆಜ್ಞೆಗಳು ಇಂಗ್ಲಿಷಿನಲ್ಲೇ ಹೊರಡುತ್ತಿದ್ದವು. 1070ರ ಆಸುಪಾಸಿನಿಂದ ಲ್ಯಾಟಿನ್ ಆಯಿತು. ನಡುವಯಸ್ಸಿನಲ್ಲಿ ಅವನು ಇಂಗ್ಲಿಷ್ ಕಲಿಯಲು ಹೊರಟಿದ್ದನೆಂದು ಓರ್ಡೆರಿಕ್ ಬರೆದಿದ್ದಾನೆ. ದುಭಾಷಿ ಇಲ್ಲದೆ ಜನರ ದೂರು ಕೇಳಬೇಕೆಂದು. ಆಗಲಿಲ್ಲವಂತೆ, ವಯಸ್ಸು, ಕೆಲಸದ ಗಡಿಬಿಡಿ. ಮನೆಯ ಒಳಗೆ ಇಂಗ್ಲಿಷ್ ಉಳಿಯಿತು. ತಾಯಿ, ಮನೆ, ನೇಗಿಲು, ಹೊಲ, ಹಸಿವು, ಇವಕ್ಕೆಲ್ಲ ಇಂದೂ ಅವರ ಹಳೆಯ ಪದಗಳೇ. ಆದರೆ ಅಧಿಕಾರದ ಪದಗಳು ಮುಂದಿನ ಎರಡು ಮೂರು ಶತಮಾನಗಳಲ್ಲಿ ಒಂದೊಂದಾಗಿ ಫ್ರೆಂಚಿನಿಂದ ಬಂದವು.

ಅವು ಅಲ್ಲಿಗೇ ನಿಲ್ಲಲಿಲ್ಲ. ಕೋರ್ಟು, ಜಡ್ಜು, ಜೈಲು, ಬೇಲು, ಸಮನ್ಸು, ಅಪೀಲು, ಟ್ಯಾಕ್ಸು. ಇವನ್ನು ನಮ್ಮ ಅಜ್ಜಿಯೂ ಹೇಳುತ್ತಾರೆ. ಇಂಗ್ಲಿಷ್ ಪದ ಎಂದುಕೊಂಡು ಹೇಳುತ್ತಾರೆ. ಇಂಗ್ಲಿಷಿನವರ ಮೇಲೆ ಆಳ್ವಿಕೆ ನಡೆಸಿದ ಭಾಷೆಯ ಪದಗಳು ಅವರ ಮೂಲಕ ನಮ್ಮ ಮೇಲಿನ ಆಳ್ವಿಕೆಯ ಪದಗಳೂ ಆದವು. ಊರಿನ ಅಂಗಡಿಯಲ್ಲಿ ಮಿಕ್ಸಿ ಕೊಳ್ಳುವಾಗ "ವಾರಂಟಿ ಇದೆ, ಗ್ಯಾರಂಟಿ ಇಲ್ಲ" ಎನ್ನುತ್ತಾರಲ್ಲ, ಅವೆರಡೂ ಹುಟ್ಟಿನಲ್ಲಿ ಒಂದೇ ಪದ. ನಾರ್ಮಂಡಿಯ ಫ್ರೆಂಚಿನಲ್ಲಿ 'ವ' ಉಳಿಯಿತು, ಪ್ಯಾರಿಸಿನ ಕಡೆ ಅದು 'ಗ' ಆಯಿತು. ಪೊಲೀಸರು ತರುವ ವಾರಂಟು ಕೂಡ ನಾರ್ಮನ್ನರ 'ವ' ಹೊತ್ತುಕೊಂಡೇ ಬಂದದ್ದು. ರಾಜನ ಹೆಸರೂ ಅಷ್ಟೇ. ಇವರಿಗೆ ವಿಲಿಯಂ, ಪ್ಯಾರಿಸಿನವರಿಗೆ ಗಿಯೋಮ್. ಇದು ಗೊತ್ತಾದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಒಂಬೈನೂರು ವರ್ಷ ಹಿಂದಿನ ದೂರದ ಸೋಲೊಂದು ನಮ್ಮ ಮನೆಯ ಮಾತಿನೊಳಗೇ ಇದೆ.

ಮತ್ತೆ ಐಲ್ರಿಕ್‌ನ ಹತ್ತಿರ

1085ರ ಕ್ರಿಸ್‌ಮಸ್‌ಗೆ ಗ್ಲಾಸ್ಟರ್‌ನಲ್ಲಿ ಡೂಮ್ಸ್‌ಡೇ ಲೆಕ್ಕದ ಆಜ್ಞೆ ಹೊರಟಿತು. ಮರುವರ್ಷವೇ ಅಧಿಕಾರಿಗಳು ದೇಶವಿಡೀ ತಿರುಗಿದರು. ಒಂದು ಎತ್ತು, ಒಂದು ಹಸು, ಒಂದು ಹಂದಿಯನ್ನೂ ಬಿಡದೆ ಬರೆದುಕೊಂಡರು, ಹೇಳಲು ನಾಚಿಕೆಯಾಗುತ್ತದೆ, ರಾಜನಿಗೆ ಮಾಡಲು ನಾಚಿಕೆಯಾಗಲಿಲ್ಲ ಎಂದು ಆ ಕಾಲದ ಇಂಗ್ಲಿಷ್ ಸನ್ಯಾಸಿಯೊಬ್ಬ ಬರೆದಿಟ್ಟ. ಅದೇ 1086ರ ಆಗಸ್ಟ್ 1ರಂದು ಸಾಲಿಸ್‌ಬರಿಯಲ್ಲಿ ಜಮೀನುದಾರರೆಲ್ಲ ಸೇರಿ ರಾಜನಿಗೆ ನಿಷ್ಠೆಯ ಆಣೆ ಇಟ್ಟರು. ಪ್ರತಿ ಹಂಡ್ರೆಡ್‌ನಲ್ಲೂ ಆಣೆ ಹಾಕಿ ಸಾಕ್ಷಿ ಹೇಳುವವರಲ್ಲಿ ಅರ್ಧ ಇಂಗ್ಲಿಷಿನವರು, ಅರ್ಧ ಫ್ರೆಂಚಿನವರು. ಅಂಥ ಒಂದು ಸಭೆಯಲ್ಲಿ ಮಾರ್ಷ್ ಗಿಬ್ಬನ್‌ನ ಸರದಿ ಬಂದಿರಬೇಕು. ಇಂಗ್ಲಿಷಿನಲ್ಲಿ ಯಾರೋ ಹೇಳಿದ್ದು ಲ್ಯಾಟಿನ್ ಆಗಿ ಚರ್ಮದ ಹಾಳೆಯ ಮೇಲೆ ಇಳಿಯಿತು. ಆಮೇಲೆ ಎಲ್ಲ ಜಿಲ್ಲೆಗಳ ಲೆಕ್ಕವನ್ನು ಚಿಕ್ಕದು ಮಾಡಿ, ಬೇಡದ್ದನ್ನೆಲ್ಲ ಬಿಟ್ಟು, ಹೆಚ್ಚುಕಡಿಮೆ ಒಬ್ಬನೇ ಬರಹಗಾರ ದೊಡ್ಡ ಪುಸ್ತಕಕ್ಕೆ ಇಳಿಸಿದ. ಬಿಡುವುದೇ ಅವನ ಕೆಲಸ. ತೆರಿಗೆಗೆ ಈ ಎರಡು ಪದಗಳಿಂದ ಯಾವ ಉಪಯೋಗವೂ ಇಲ್ಲ. ಆದರೂ ಅವನು ಬಿಡಲಿಲ್ಲ.

ಹೋದ ಭಾನುವಾರ ಅಜ್ಜಿಗೆ ಫೋನ್ ಮಾಡಿದಾಗ ಈ ಕತೆ ಹೇಳಿದೆ. ಒಬ್ಬನಿದ್ದ ಅಜ್ಜಿ, ಅವನ ಜಾಗವನ್ನು ಹೊರಗಿನಿಂದ ಬಂದವರು ತೆಗೆದುಕೊಂಡರು, ಆಮೇಲೆ ಅವನಿಗೇ ಗೇಣಿಗೆ ಕೊಟ್ಟರು. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಕೇಳಿದರು:

"ಅವನಿಗೆ ವರ್ಷಕ್ಕೆ ಎಷ್ಟು ಮುಡಿ ಗೇಣಿ ಇತ್ತಂತೆ ಮಗಾ?"